ಅಂಡಮಾನ್ ದ್ವೀಪಗಳ ನಡುವೆ ಓಡಾಡುವುದು ಹೇಗೆ: ಫೆರಿ, ರಸ್ತೆ ಮತ್ತು ಸಣ್ಣ ದೋಣಿಗಳ ಮಾರ್ಗದರ್ಶಿ

ಅಂಡಮಾನಿಗೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ವಿಮಾನದ ಟಿಕೆಟ್ ತೆಗೆಸುತ್ತಾರೆ, ಆಮೇಲೆ ಹೋಟೆಲ್ ಕಾದಿರಿಸುತ್ತಾರೆ, ಕೊನೆಗೆ ಉಳಿದ ಹೊತ್ತಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ದಾರಿ ಹುಡುಕುತ್ತಾರೆ. ಈ ಕ್ರಮವನ್ನು ಬದಲಿಸಿಕೊಳ್ಳಬೇಕು. ಅಲ್ಲಿ ದಿನಚರಿಯನ್ನು ನಿರ್ಧರಿಸುವುದು ದೋಣಿ, ದೋಣಿಯನ್ನು ನಿರ್ಧರಿಸುವುದು ಸಮುದ್ರ. ಯಾವ ದಿನ ಯಾವ ದ್ವೀಪಕ್ಕೆ ಎಷ್ಟು ಹೊತ್ತಿಗೆ ಫೆರಿ ಇದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವಂತೆ ವಸತಿಯನ್ನೂ ಮರುಪ್ರಯಾಣದ ವಿಮಾನವನ್ನೂ ಗೊತ್ತುಪಡಿಸಿಕೊಂಡರೆ ಪ್ರವಾಸ ನೆಮ್ಮದಿಯಿಂದ ಸಾಗುತ್ತದೆ.

ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಬಂಡೆಗಳನ್ನೂ ಸೇರಿಸಿ 836 ದ್ವೀಪಗಳಿವೆ ಎಂಬುದು ಸರ್ಕಾರದ ಲೆಕ್ಕ. ಜನವಸತಿ ಇರುವವು ಮೂವತ್ತರ ಆಸುಪಾಸು ಮಾತ್ರ, ಪ್ರವಾಸಿಗರು ಕಾಲಿಡಬಹುದಾದವು ಅದಕ್ಕಿಂತಲೂ ಕಡಿಮೆ. ಉತ್ತರದಿಂದ ದಕ್ಷಿಣಕ್ಕೆ 700 ಕಿ.ಮೀ.ಗೂ ಹೆಚ್ಚು ದೂರ ಚಾಚಿಕೊಂಡಿರುವ ಈ ಸಾಲನ್ನು 'ಟೆನ್ ಡಿಗ್ರಿ ಚಾನೆಲ್' ಎಂಬ ಅಗಲವಾದ ಕಡಲ ಪಟ್ಟಿ ಎರಡಾಗಿ ಸೀಳಿದೆ: ಮೇಲಿನದು ಅಂಡಮಾನ್, ಕೆಳಗಿನದು ನಿಕೋಬಾರ್. ಸಾಮಾನ್ಯ ಪ್ರವಾಸಿಯ ಓಡಾಟವೆಲ್ಲ ಮೇಲಿನ ಭಾಗದಲ್ಲಿಯೇ ನಡೆಯುತ್ತದೆ.

ಟಿಕೆಟ್ ಹುಡುಕಲು ಕುಳಿತವರಿಗೆ ಮೊದಲು ಎದುರಾಗುವುದು ಹೆಸರುಗಳ ಗೊಂದಲ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಮರುನಾಮಕರಣವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಸರ್ಕಾರಿ ವೇಳಾಪಟ್ಟಿಯಲ್ಲಿ ಹೊಸ ಹೆಸರು, ಆಟೋ ಚಾಲಕರ ಬಾಯಲ್ಲಿ ಹಳೆಯ ಹೆಸರು, ಬುಕಿಂಗ್ ತಾಣಗಳಲ್ಲಿ ಎರಡೂ ಕಾಣಿಸುವುದರಿಂದ ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಈ ಬರಹದಲ್ಲಿ ಜನಬಳಕೆಯ ಹಳೆಯ ಹೆಸರುಗಳನ್ನೇ ಬಳಸಿದ್ದೇನೆ.

ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್ ಮತ್ತು ನೀಲ್ ನಡುವೆ ಎರಡು ಬಗೆಯ ಹಡಗುಗಳು ಓಡುತ್ತವೆ. ಒಂದು, ಆಡಳಿತದ ಹಡಗು ಸೇವಾ ನಿರ್ದೇಶನಾಲಯ ನಡೆಸುವ ಸರ್ಕಾರಿ ಫೆರಿಗಳು. ಇನ್ನೊಂದು, ಖಾಸಗಿ ಕಂಪನಿಗಳ ಕ್ಯಾಟಮರಾನ್‌ಗಳು, ಅಂದರೆ ಜೋಡಿ ಒಡಲಿನ ವೇಗದ ಹಡಗುಗಳು. ಖಾಸಗಿ ಹಡಗಿನಲ್ಲಿ ಹವಾನಿಯಂತ್ರಿತ ಕೋಣೆ, ಸಂಖ್ಯೆ ಹಾಕಿದ ಆಸನ, ಮನೆಯಿಂದಲೇ ವಾರಗಳ ಮೊದಲೇ ಕಾದಿರಿಸುವ ಅನುಕೂಲ ಎಲ್ಲವೂ ಇವೆ. ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಿಸುತ್ತವೆ. ಸರ್ಕಾರಿ ಫೆರಿ ಅದೇ ದೂರಕ್ಕೆ ಎರಡರಿಂದ ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ, ದರ ಮಾತ್ರ ಖಾಸಗಿಯವರದಕ್ಕಿಂತ ಬಹಳ ಕಡಿಮೆ. ಅದರ ಟಿಕೆಟ್‌ಗಳು ಪ್ರಯಾಣಕ್ಕೆ ಕೆಲವೇ ದಿನ ಮೊದಲು ಬಿಡುಗಡೆಯಾಗುತ್ತವೆ ಮತ್ತು ಋತುವಿನಲ್ಲಿ ಬೇಗನೆ ಮುಗಿದುಹೋಗುತ್ತವೆ.

ಇವೆರಡರಲ್ಲಿ ಯಾವುದು ಒಳ್ಳೆಯದು ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಹೋಗುವಾಗ, ಅಂದರೆ ಪ್ರವಾಸದ ದಿನಗಳು ಇನ್ನೂ ಕೈಯಲ್ಲಿರುವಾಗ, ಸಾಧ್ಯವಾದರೆ ಸರ್ಕಾರಿ ಫೆರಿಯನ್ನು ಹಿಡಿಯಿರಿ. ಹೆಚ್ಚಿನ ಕ್ಯಾಟಮರಾನ್‌ಗಳಲ್ಲಿ ಪ್ರಯಾಣಿಕರನ್ನು ಮುಚ್ಚಿದ ಗಾಜಿನ ಹಿಂದೆ ಕೂರಿಸಿಬಿಡುತ್ತಾರೆ. ಸರ್ಕಾರಿ ಫೆರಿಯಲ್ಲಾದರೆ ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಲ್ಲಬಹುದು. ಹಡಗು ಬಂದರಿನ ಬಾಯಿ ದಾಟುವಾಗ ನೀರಿನ ಬಣ್ಣ ಕೆಸರು ಹಸಿರಿನಿಂದ ಕಡುನೀಲಿಗೆ ತಿರುಗುವುದನ್ನು, ಮೂತಿಯ ಮುಂದೆ ಹಾರುಮೀನುಗಳು ಚಿಮ್ಮಿ ನೀರಿಗೆ ತಾಗದಂತೆ ಒಂದಷ್ಟು ದೂರ ತೇಲಿ ಮತ್ತೆ ಮುಳುಗುವುದನ್ನು ನೋಡಲು ಸಿಗುವುದು ಅಲ್ಲಿಯೇ. ಜೊತೆಗೆ ತರಕಾರಿ ಚೀಲ, ಗೃಹೋಪಯೋಗಿ ಸಾಮಾನು, ಶಾಲೆಯ ಮಕ್ಕಳೊಂದಿಗೆ ಊರಿಗೆ ಮರಳುವ ದ್ವೀಪವಾಸಿಗಳು ಇರುತ್ತಾರೆ. ಅವರಿಗೆ ಇದು ನಮ್ಮೂರಿನ ಬಸ್ಸಿನಂತೆಯೇ ದಿನನಿತ್ಯದ ವಾಹನ. ಅವರಿಗೆ ಬೇರೆ ದರ, ಬೇರೆ ಆದ್ಯತೆ ಇರುವುದು ನ್ಯಾಯವೇ ಆಗಿದೆ. ಹಿಂದಿರುಗುವಾಗ, ವಿಮಾನದ ದಿನ ಹತ್ತಿರವಾದಾಗ, ಮೊದಲೇ ಖಚಿತವಾದ ಖಾಸಗಿ ಟಿಕೆಟ್ ಇದ್ದರೆ ಒಳ್ಳೆಯದು.

ಮಾರ್ಗವನ್ನು ತ್ರಿಕೋನದಂತೆ ಹಾಕಿಕೊಳ್ಳಿ: ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ನೀಲ್‌ನಿಂದ ಪೋರ್ಟ್ ಬ್ಲೇರ್. ಪ್ರತಿ ದ್ವೀಪಕ್ಕೂ ರಾಜಧಾನಿಯಿಂದ ಹೋಗಿ ಬರುವುದಕ್ಕಿಂತ ಇದರಲ್ಲಿ ಒಂದು ಪ್ರಯಾಣ ಉಳಿಯುತ್ತದೆ. ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು, ರಾಸ್ ದ್ವೀಪ ಮುಂತಾದವನ್ನು ಮೊದಲ ದಿನಗಳಲ್ಲಿಯೇ ನೋಡಿ ಮುಗಿಸಬೇಕೆನ್ನುವ ಆತುರ ಬೇಡ. ಅವನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಏಕೆಂದರೆ ವಿಮಾನ ಹೊರಡುವ ಹಿಂದಿನ ಇಡೀ ದಿನ ನೀವು ಪೋರ್ಟ್ ಬ್ಲೇರ್‌ನಲ್ಲಿ ಇರಲೇಬೇಕು. ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಫೆರಿ, ಮಧ್ಯಾಹ್ನ ವಿಮಾನ ಎಂಬ ಲೆಕ್ಕಾಚಾರ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಕಡಲು ಅದಕ್ಕೆ ಒಪ್ಪಬೇಕಲ್ಲ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಕಡಲು ಕೆರಳಿದಾಗ ಫೆರಿಗಳು ನಿಂತುಹೋಗಿ ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಕೊಂಡಿದ್ದರು. ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತಂದವು. ಅದು ಮಳೆಗಾಲವಲ್ಲ, ಎಲ್ಲರೂ ಒಳ್ಳೆಯ ಋತುವೆಂದು ಹೇಳುವ ಡಿಸೆಂಬರ್. ನೈಋತ್ಯ ಮುಂಗಾರು ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಅದರ ಬೆನ್ನಿಗೇ ಈಶಾನ್ಯ ಮಾರುತ ವರ್ಷದ ಕೊನೆಯವರೆಗೆ ಬೀಸುವುದರಿಂದ, ಕಡಲು ತಕ್ಕಮಟ್ಟಿಗೆ ಶಾಂತವಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಉಳಿದ ತಿಂಗಳುಗಳಲ್ಲಿ ಹೋಗಬಾರದು ಎಂದಲ್ಲ, ಹೋದರೆ ಬಿಡುವಿನ ಒಂದೆರಡು ದಿನ ಕೈಯಲ್ಲಿ ಇರಲಿ.

ಜೆಟ್ಟಿಯ ವಿಷಯದಲ್ಲಿಯೂ ಎಚ್ಚರ ಬೇಕು. ಪೋರ್ಟ್ ಬ್ಲೇರ್‌ನಲ್ಲಿ ಫೀನಿಕ್ಸ್ ಬೇ ಮತ್ತು ಹ್ಯಾಡೋ ಎಂಬ ಎರಡು ಬೇರೆ ಬೇರೆ ಕಡೆಗಳಿಂದ ಹಡಗುಗಳು ಹೊರಡುತ್ತವೆ. ಅಬರ್ಡೀನ್ ಜೆಟ್ಟಿ ಮೂರನೆಯದು, ಅದು ಹತ್ತಿರದ ಪ್ರವಾಸಿ ದೋಣಿಗಳಿಗೆ. ನಿಮ್ಮ ಟಿಕೆಟ್‌ನಲ್ಲಿ ಯಾವ ಜೆಟ್ಟಿಯ ಹೆಸರಿದೆ ಎಂಬುದನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ಆಟೋದವರಿಗೂ ಆ ಹೆಸರನ್ನೇ ಹೇಳಿ. ಹೊರಡುವ ಹೊತ್ತಿಗೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ಬಾಗಿಲಲ್ಲಿ ಟಿಕೆಟ್ ಹಾಗೂ ಗುರುತಿನ ಚೀಟಿಯ ಹೆಸರನ್ನು ತಾಳೆ ನೋಡುತ್ತಾರೆ, ಸಾಮಾನನ್ನು ಯಂತ್ರದ ಮೂಲಕ ಕಳಿಸುತ್ತಾರೆ. ಆಮೇಲೆ ದೊಡ್ಡ ಪೆಟ್ಟಿಗೆಗಳನ್ನು ಒಂದು ಕಡೆ ಒಟ್ಟುವುದರಿಂದ ಔಷಧಿ, ಹಣ, ನೀರು ಮತ್ತು ಮಗುವಿಗೆ ಬೇಕಾದುದನ್ನು ಕೈಚೀಲದಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಹಡಗಿಗೂ ಕಟ್ಟೆಗೂ ನಡುವೆ ಹಾಕಿದ ಹಲಗೆ ಅಲೆಗಳಿಗೆ ಏರಿಳಿಯುತ್ತಿರುತ್ತದೆ. ಎರಡೂ ಕೈಯಲ್ಲಿ ಸಾಮಾನು ಹಿಡಿದು ಅದನ್ನು ದಾಟುವ ಸಾಹಸ ಮಾಡದೆ, ಒಂದು ಕೈಯನ್ನು ಹಗ್ಗಕ್ಕೋ ಸಿಬ್ಬಂದಿಯ ತೋಳಿಗೋ ಬಿಡುವಾಗಿ ಇರಿಸಿಕೊಳ್ಳಬೇಕು.

ಕಡಲ ಪ್ರಯಾಣದಲ್ಲಿ ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹಡಗು ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಹಡಗಿನ ನಡುಭಾಗದಲ್ಲಿ, ಸಾಧ್ಯವಾದಷ್ಟು ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ, ಮೂತಿಯ ಕಡೆ ಹೆಚ್ಚು. ಮೊಬೈಲ್ ಪರದೆಯನ್ನು ನೋಡದೆ ದೂರದ ದಿಗಂತವನ್ನು ನೋಡುತ್ತಾ ಕುಳಿತರೆ ಕಣ್ಣಿಗೂ ಒಳಕಿವಿಗೂ ಹೊಂದಿಕೆಯಾಗಿ ತಲೆಸುತ್ತು ತಗ್ಗುತ್ತದೆ. ಬರಿಹೊಟ್ಟೆಯಲ್ಲಿಯೂ ಹೊಟ್ಟೆ ಬಿರಿಯುವಷ್ಟು ತಿಂದೂ ಹತ್ತಬಾರದು.

ಅಂಡಮಾನಿನಲ್ಲಿ ದಿನ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಭಾರತದ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಈ ದ್ವೀಪಗಳಿರುವುದು ಸುಮಾರು 92.7 ಡಿಗ್ರಿಯಲ್ಲಿ. ಹಾಗಾಗಿ ಸೂರ್ಯ ಗಡಿಯಾರಕ್ಕಿಂತ ನಲವತ್ತು ನಿಮಿಷದಷ್ಟು ಮುಂದಿರುತ್ತಾನೆ, ಡಿಸೆಂಬರ್‌ನಲ್ಲಿ ಸಂಜೆ ಐದರ ಆಸುಪಾಸಿಗೇ ಮುಳುಗಿಬಿಡುತ್ತಾನೆ. ಮಧ್ಯಾಹ್ನ ಮೂರರ ಮೇಲೆ ಹೊಸ ಜಾಗಕ್ಕೆ ಹೊರಡುವ ಯೋಜನೆ ಇಲ್ಲಿ ಕೂಡಿಬರುವುದಿಲ್ಲ.

ಹ್ಯಾವ್‌ಲಾಕ್‌ನಲ್ಲಿ ಊರುಗಳನ್ನೂ ಕಡಲತೀರಗಳನ್ನೂ ಸಂಖ್ಯೆಯಿಂದಲೇ ಕರೆಯುವ ರೂಢಿ ಇದೆ. ಜೆಟ್ಟಿ ಇರುವುದು ಒಂದನೆಯದರಲ್ಲಿ, ಪೇಟೆ ಮೂರರಲ್ಲಿ, ಹೆಚ್ಚಿನ ವಸತಿಗೃಹಗಳು ಐದರ ಸುತ್ತ ಅಂದರೆ ವಿಜಯನಗರದಲ್ಲಿ, ರಾಧಾನಗರ ಕಡಲತೀರ ಏಳರಲ್ಲಿ. ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು 12 ಕಿ.ಮೀ. ಇದೆ. ಬಸ್ಸು ಇದೆ, ಆದರೆ ಅಪರೂಪ. ಆಟೋಗಳು ದೂರದ ಲೆಕ್ಕದಲ್ಲಿ ಬರುತ್ತವೆ. ಚಾಲನಾ ಪರವಾನಗಿ ಇರುವವರಿಗೆ ಬಾಡಿಗೆ ಸ್ಕೂಟರ್ ಎಲ್ಲಕ್ಕಿಂತ ಅನುಕೂಲ. ಸ್ಕೂಟರ್ ತೆಗೆದುಕೊಳ್ಳುವಾಗ ಹೆಲ್ಮೆಟ್ ಕೇಳಿ ಪಡೆಯಿರಿ, ಗೀರು ತಗ್ಗುಗಳಿದ್ದರೆ ಮಾಲೀಕರ ಎದುರಿಗೇ ಫೋಟೋ ತೆಗೆದುಕೊಳ್ಳಿ. ಕತ್ತಲಾದ ಮೇಲೆ ರಾಧಾನಗರದಿಂದ ಮರಳುವ ರಸ್ತೆ ಕಾಡಿನ ನಡುವೆ ತಿರುವುಗಳಲ್ಲಿ ಸಾಗುವುದರಿಂದ ಸೂರ್ಯಾಸ್ತ ನೋಡಿ ನಿಧಾನವಾಗಿ ಬನ್ನಿ. ನೀಲ್ ಚಿಕ್ಕದು ಮತ್ತು ಬಹುಪಾಲು ಸಮತಟ್ಟು. ಅಲ್ಲಿ ಬಾಡಿಗೆ ಸೈಕಲ್ ಒಂದೇ ಸಾಕು. ಭರತ್‌ಪುರದ ತೀರ ಜೆಟ್ಟಿಯ ಪಕ್ಕದಲ್ಲಿಯೇ ಇದೆ. ಲಕ್ಷ್ಮಣಪುರದ ಕಡಲತೀರದ ಕಲ್ಲಿನ ಕಮಾನಿಗೆ ಇಳಿತದ ಹೊತ್ತಿನಲ್ಲಿಯೇ ಹೋಗಬೇಕು, ಉಬ್ಬರ ಬಂದರೆ ದಾರಿ ನೀರಿನಡಿ ಸೇರುತ್ತದೆ. ಆ ದಿನದ ಇಳಿತ ಎಷ್ಟು ಹೊತ್ತಿಗೆ ಎಂಬುದನ್ನು ನಿಮ್ಮ ವಸತಿಗೃಹದವರೇ ಹೇಳುತ್ತಾರೆ.

ಇನ್ನು ಪೋರ್ಟ್ ಬ್ಲೇರ್ ಸುತ್ತಮುತ್ತಲಿನ ಓಡಾಟ. ಅಬರ್ಡೀನ್ ಜೆಟ್ಟಿಯಿಂದ ರಾಸ್ ದ್ವೀಪಕ್ಕೂ ನಾರ್ತ್ ಬೇಗೂ ಸಣ್ಣ ದೋಣಿಗಳು ಹೋಗುತ್ತವೆ. 2014ರ ಜನವರಿ 26ರಂದು ಇದೇ ನೀರಿನಲ್ಲಿ ಮಿತಿಗಿಂತ ಹೆಚ್ಚು ಜನರನ್ನು ತುಂಬಿಕೊಂಡಿದ್ದ ಪ್ರವಾಸಿ ದೋಣಿಯೊಂದು ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆದ್ದರಿಂದ ದೋಣಿಯ ಮೇಲೆ ಬರೆದಿರುವ ಪ್ರಯಾಣಿಕರ ಮಿತಿಯನ್ನು ಓದಿ, ಕುಳಿತವರನ್ನು ಕಣ್ಣಳತೆಯಲ್ಲಿ ಎಣಿಸಿ, ಲೈಫ್ ಜಾಕೆಟ್ಟನ್ನು ಹೆಗಲಿಗೆ ತೂಗುಹಾಕಿಕೊಳ್ಳದೆ ಎಲ್ಲ ಪಟ್ಟಿಗಳನ್ನು ಬಿಗಿದು ತೊಟ್ಟುಕೊಳ್ಳಿ. ಮಕ್ಕಳಿಗೆ ಅವರ ಅಳತೆಯ ಜಾಕೆಟ್ ಇಲ್ಲವೆಂದರೆ ಆ ದೋಣಿಯನ್ನು ಬಿಟ್ಟುಬಿಡಿ. ಅದಕ್ಕೆ ಸಂಕೋಚಪಡಬೇಕಾದ್ದಿಲ್ಲ.

ಪ್ರವಾಸಿಗರು ಅಷ್ಟಾಗಿ ಗಮನಿಸದ, ಸ್ಥಳೀಯರು ದಿನವಿಡೀ ಬಳಸುವ ಒಂದು ಸೇವೆ ಚಾಥಮ್‌ನಿಂದ ಬಂಬೂ ಫ್ಲ್ಯಾಟ್‌ಗೆ ಹೋಗುವ ವಾಹನ ಫೆರಿ. ಸ್ಕೂಟರ್ ಸಮೇತ ಅದರಲ್ಲಿ ಹತ್ತಿ ಕೊಲ್ಲಿ ದಾಟಿದರೆ, ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತುವುದು ತಪ್ಪಿ, 2021ರಲ್ಲಿ ಮೌಂಟ್ ಮಣಿಪುರ ಎಂದು ಹೆಸರು ಬದಲಾದ ಮೌಂಟ್ ಹ್ಯಾರಿಯೆಟ್ ಬೆಟ್ಟದ ಬುಡಕ್ಕೆ ತಲುಪಬಹುದು. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ತೆಂಗು ಮತ್ತು ದೀಪಸ್ತಂಭದ ನೋಟ ಕಾಣುವುದು ಆ ಬೆಟ್ಟದಿಂದಲೇ. ಚಿಡಿಯಾ ಟಾಪು, ವಂಡೂರು ಮುಂತಾದ ಕಡೆಗಳಿಗೆ ಮೋಹನಪುರ ಬಸ್ ನಿಲ್ದಾಣದಿಂದ ಸರ್ಕಾರಿ ಬಸ್ಸುಗಳಿವೆ. ವಂಡೂರಿನಿಂದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಜಾಲಿ ಬಾಯ್ ಅಥವಾ ರೆಡ್ ಸ್ಕಿನ್ ದ್ವೀಪಕ್ಕೆ ದೋಣಿ ಹೋಗುತ್ತದೆ; ಹವಳಕ್ಕೆ ಬಿಡುವು ಸಿಗಲೆಂದು ಋತುವಿಗೆ ತಕ್ಕಂತೆ ಒಂದನ್ನು ತೆರೆದು ಇನ್ನೊಂದನ್ನು ಮುಚ್ಚುತ್ತಾರೆ. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಪತ್ರವನ್ನು ಮೊದಲೇ ಪಡೆಯಬೇಕು, ಪ್ಲಾಸ್ಟಿಕ್ ಏನನ್ನೂ ಒಯ್ಯುವಂತಿಲ್ಲ.

ಉತ್ತರದ ಕಡೆಗೆ, ಅಂದರೆ ಬಾರಾಟಾಂಗ್, ರಂಗತ್, ಮಾಯಾಬಂದರ್, ದಿಗ್ಲಿಪುರಗಳಿಗೆ, ಹೋಗುವ ಅಂಡಮಾನ್ ಟ್ರಂಕ್ ರಸ್ತೆಯ ಬಗ್ಗೆ ವಿವರವಾಗಿ ಹೇಳಬೇಕು. 300 ಕಿ.ಮೀ.ಗೂ ಹೆಚ್ಚು ಉದ್ದದ ಈ ಹೆದ್ದಾರಿ ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ಮಿಡಲ್ ಸ್ಟ್ರೈಟ್‌ವರೆಗೆ ಜಾರವಾ ಎಂಬ ಆದಿವಾಸಿ ಬುಡಕಟ್ಟಿನವರ ಮೀಸಲು ಅರಣ್ಯದ ನಡುವೆ ಹಾಯುತ್ತದೆ. ಇಲ್ಲಿ ಒಂಟಿಯಾಗಿ ವಾಹನ ಓಡಿಸುವಂತಿಲ್ಲ. ದಿನಕ್ಕೆ ಕೆಲವೇ ಬಾರಿ, ಗೊತ್ತಾದ ಹೊತ್ತಿಗೆ, ಪೊಲೀಸ್ ಬೆಂಗಾವಲಿನಲ್ಲಿ ವಾಹನಗಳ ಸಾಲು ಹೊರಡುತ್ತದೆ. ಇದನ್ನೇ ಅಲ್ಲಿ ಕಾನ್ವಾಯ್ ಎನ್ನುತ್ತಾರೆ. ಬೆಳಗಿನ ಮೊದಲ ಕಾನ್ವಾಯ್ ಹಿಡಿಯಬೇಕೆಂದರೆ ಪೋರ್ಟ್ ಬ್ಲೇರ್‌ನಿಂದ ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ಚೆಕ್‌ಪೋಸ್ಟ್‌ನಲ್ಲಿ ಎಲ್ಲ ಪ್ರಯಾಣಿಕರ ವಿವರ ಮತ್ತು ಗುರುತಿನ ಚೀಟಿ ಕೊಡಬೇಕು. ಒಳಗೆ ವಾಹನ ನಿಲ್ಲಿಸುವುದು, ಹಿಂದಿಕ್ಕುವುದು, ಫೋಟೋ ಅಥವಾ ವಿಡಿಯೋ ತೆಗೆಯುವುದು, ತಿನಿಸು ಕೊಡುವುದು ಎಲ್ಲವೂ ನಿಷಿದ್ಧ.

ಈ ನಿಯಮಗಳನ್ನು ಕಾಟಾಚಾರಕ್ಕೆ ಎಂದು ಯಾರೂ ಭಾವಿಸಬಾರದು. ಜಾರವಾ ಜನರ ರಕ್ಷಣೆಗೆ 1956ರಿಂದಲೇ ಕಾನೂನು ಇದೆ. ಅವರು 1990ರ ದಶಕದ ಕೊನೆಯವರೆಗೂ ಹೊರಗಿನವರಿಂದ ದೂರವೇ ಇದ್ದರು. ಸಂಪರ್ಕ ಶುರುವಾದ ಬೆನ್ನಿಗೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ರಸ್ತೆಯ ಈ ಭಾಗವನ್ನು ಮುಚ್ಚಬೇಕೆಂದು ಆದೇಶಿಸಿತ್ತು, ಆದರೂ ಅದು ತೆರೆದೇ ಉಳಿಯಿತು. 'ಜಾರವಾಗಳನ್ನು ತೋರಿಸುತ್ತೇನೆ' ಎಂದು ಯಾವ ಚಾಲಕನಾದರೂ ಆಸೆ ಹುಟ್ಟಿಸಿದರೆ ಆ ವಾಹನವನ್ನು ಅಲ್ಲಿಯೇ ನಿರಾಕರಿಸಿ. ದಾರಿಯಲ್ಲಿ ಅವರು ಕಂಡರೂ ಕಿಟಕಿಯ ಗಾಜು ಇಳಿಸದೆ, ಕೈಬೀಸದೆ ಸಾಗಬೇಕು. ಅದು ಅವರ ಮನೆಯಂಗಳ, ನಾವು ಅಲ್ಲಿ ಹಾದುಹೋಗುವವರು ಅಷ್ಟೇ. ರಂಗತ್ ಅಥವಾ ಅದರಾಚೆಗೆ ಹೋಗುವವರಿಗೆ ಪೋರ್ಟ್ ಬ್ಲೇರ್ ಮತ್ತು ಹ್ಯಾವ್‌ಲಾಕ್‌ನಿಂದ ರಂಗತ್‌ಗೆ ಸರ್ಕಾರಿ ಫೆರಿಯೂ ಇರುತ್ತದೆ. ದಿನ ಹೊಂದಿಬಂದರೆ ಕಡಲ ದಾರಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಒತ್ತಾಯದ ಮನವಿ.

ರಸ್ತೆಯಲ್ಲಿಯೇ ಹೋದವರಿಗೆ ಮೀಸಲು ಪ್ರದೇಶ ಮುಗಿಯುವಲ್ಲಿ ಮಿಡಲ್ ಸ್ಟ್ರೈಟ್ ಎಂಬ ಕಡಲ ಸೀಳು ಅಡ್ಡ ಬರುತ್ತದೆ. ಪ್ರಯಾಣಿಕರೆಲ್ಲ ಬಸ್ಸಿನಿಂದ ಇಳಿದು ನಡೆದೇ ಫೆರಿ ಹತ್ತಬೇಕು. ಮೂತಿಯ ಕಬ್ಬಿಣದ ಹಲಗೆ ಕಟ್ಟೆಯ ಮೇಲೆ ಒರಗಿರುತ್ತದೆ. ಅದರ ಮೇಲೆ ಬಸ್ಸು, ಕಾರುಗಳು ಒಂದೊಂದಾಗಿ ಒಳಸೇರುತ್ತವೆ, ಸಿಬ್ಬಂದಿ ಕೈಸನ್ನೆಯಿಂದಲೇ ಅಂಗುಲಂಗುಲ ಹಿಂದೆ ಮುಂದೆ ಮಾಡಿಸುತ್ತಾರೆ. ವಾಹನಗಳ ಸಂದಿಯಲ್ಲಿ ನಿಲ್ಲದೆ ಬದಿಯ ಕಂಬಿಯ ಹತ್ತಿರ ನಿಂತುಕೊಳ್ಳಿ. ದಾಟಲು ಕೆಲವೇ ನಿಮಿಷ ಸಾಕು. ಆಚೆಯ ದಡವೇ ಬಾರಾಟಾಂಗ್‌ನ ನೀಲಂಬೂರ್ ಜೆಟ್ಟಿ. ಅಲ್ಲಿಂದ ಸುಣ್ಣಕಲ್ಲಿನ ಗುಹೆಗೆ ಸ್ಪೀಡ್ ಬೋಟ್‌ನಲ್ಲಿ ಹೋಗಬೇಕು. ಕೊನೆಯ ಭಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೊಂಬೆಗಳು ಎರಡೂ ಬದಿಯಿಂದ ಬಾಗಿ ಕೂಡಿಕೊಂಡಿರುವ ಕಿರಿದಾದ ಕಾಲುವೆಯಲ್ಲಿ ದೋಣಿ ವೇಗ ತಗ್ಗಿಸಿ ನುಸುಳುತ್ತದೆ. ಆಗ ತಲೆ ತಗ್ಗಿಸಿ, ಕೈಗಳನ್ನು ದೋಣಿಯ ಒಳಗಿಟ್ಟುಕೊಂಡು ಕೂರಬೇಕು. ಈ ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಇಳಿದ ಮೇಲೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ನಡಿಗೆ. ಸಾಮಾನ್ಯವಾಗಿ ಸೋಮವಾರ ಗುಹೆಗೆ ಪ್ರವೇಶ ಇರುವುದಿಲ್ಲ. ಮರಳುವ ಕಾನ್ವಾಯ್‌ನ ಹೊತ್ತನ್ನು ಬರುವಾಗಲೇ ಕೇಳಿಟ್ಟುಕೊಳ್ಳಿ, ಕೊನೆಯದು ತಪ್ಪಿದರೆ ರಾತ್ರಿ ಬಾರಾಟಾಂಗ್‌ನಲ್ಲಿಯೇ ಕಳೆಯಬೇಕಾಗುತ್ತದೆ.

ಬಾರಾಟಾಂಗ್ ದಾಟಿದ ಮೇಲೆ ರಸ್ತೆ ಸಲೀಸು. ಹಿಂದೆ ಫೆರಿಯಲ್ಲಿ ದಾಟಬೇಕಾಗಿದ್ದ ಹಂಫ್ರೆ ಸ್ಟ್ರೈಟ್‌ಗೆ ಈಗ ಆಜಾದ್ ಹಿಂದ್ ಫೌಜ್ ಸೇತುವೆ ಇದೆ; ಮಧ್ಯ ಮತ್ತು ಉತ್ತರ ಅಂಡಮಾನ್‌ಗಳನ್ನು ಕೂಡಿಸುವುದು ಚೆಂಗಪ್ಪ ಸೇತುವೆ, ಕೊಡಗಿನವರ ಕಿವಿಗೆ ಬಹಳ ಪರಿಚಿತವಾದ ಹೆಸರು. ಪೋರ್ಟ್ ಬ್ಲೇರ್‌ನಿಂದ ದಿಗ್ಲಿಪುರಕ್ಕೆ ಬಸ್ಸಿನಲ್ಲಿ ಒಂದು ಇಡೀ ದಿನ ಹಿಡಿಯುತ್ತದೆ. ಅಲ್ಲಿನ ಏರಿಯಲ್ ಬೇ ಜೆಟ್ಟಿಯಿಂದ ಮರಳಿನ ದಿಬ್ಬವೊಂದು ಜೋಡಿಸಿರುವ ರಾಸ್ ಮತ್ತು ಸ್ಮಿತ್ ಎಂಬ ಜೋಡಿ ದ್ವೀಪಗಳಿಗೆ ದೋಣಿ ಸಿಗುತ್ತದೆ. ಪೋರ್ಟ್ ಬ್ಲೇರ್ ಎದುರಿನ ರಾಸ್ ಬೇರೆ, ಇದು ಬೇರೆ. ಅಂಡಮಾನಿನ ಅತಿ ಎತ್ತರದ ಸ್ಯಾಡಲ್ ಪೀಕ್, 732 ಮೀಟರ್, ಕೂಡ ಇಲ್ಲಿಯೇ ಇದೆ. ಇಷ್ಟು ದೂರ ಹೋಗುವವರು ಕನಿಷ್ಠ ಎರಡು ರಾತ್ರಿ ಉಳಿಯದಿದ್ದರೆ ಪ್ರಯಾಣದ ದಣಿವಷ್ಟೇ ಲಾಭ.

ದಕ್ಷಿಣಕ್ಕೆ ಲಿಟಲ್ ಅಂಡಮಾನಿನ ಹಟ್ ಬೇಗೆ ಸರ್ಕಾರಿ ಹಡಗು ಇದೆ. ಬಯಲು ಕಡಲಿನ ಹಲವು ಗಂಟೆಗಳ ಪ್ರಯಾಣ ಅದು, ಮರಳುವ ಹಡಗಿನ ದಿನ ಖಚಿತವಾಗದೆ ಹೊರಡಬೇಡಿ. ನಿಕೋಬಾರ್‌ನ ಬುಡಕಟ್ಟು ಮೀಸಲು ದ್ವೀಪಗಳಿಗೆ ಆಡಳಿತದ ವಿಶೇಷ ಪಾಸ್ ಇಲ್ಲದೆ ಪ್ರವೇಶವಿಲ್ಲ, ಪ್ರವಾಸಕ್ಕೆಂದು ಅದು ಸಿಗುವುದೂ ಇಲ್ಲವೆಂದೇ ತಿಳಿಯಿರಿ. ಆದಿವಾಸಿಗಳಷ್ಟೇ ಇರುವ ನಾರ್ತ್ ಸೆಂಟಿನೆಲ್ ದ್ವೀಪದ ಸುತ್ತಲಿನ ಕಡಲಿಗೂ ಯಾರೂ ಹೋಗುವಂತಿಲ್ಲ. ದ್ವೀಪಗಳ ನಡುವೆ ಹೆಲಿಕಾಪ್ಟರ್ ಸೇವೆಯೂ ಇದೆ; ಅದರಲ್ಲಿ ರೋಗಿಗಳಿಗೂ ಸ್ಥಳೀಯರಿಗೂ ಮೊದಲ ಸ್ಥಾನ ಇರುವುದರಿಂದ ಪ್ರವಾಸಿಗಳು ಅದನ್ನು ನಂಬಿಕೊಂಡು ಯೋಜನೆ ಹಾಕಬಾರದು. ಚೆನ್ನೈ, ಕೋಲ್ಕತ್ತ ಮತ್ತು ವಿಶಾಖಪಟ್ಟಣದಿಂದ ಪ್ರಯಾಣಿಕರ ಹಡಗುಗಳು ಎರಡೂವರೆಯಿಂದ ಮೂರು ದಿನಗಳಲ್ಲಿ ಪೋರ್ಟ್ ಬ್ಲೇರ್ ತಲುಪುತ್ತವೆ. ದಿನಾಂಕಗಳು ಬದಲಾಗುತ್ತಲೇ ಇರುವುದರಿಂದ ರಜೆ ಎಣಿಸಿಕೊಂಡು ಹೊರಟವರಿಗೆ ಅದು ಒಗ್ಗುವುದಿಲ್ಲ, ಹೊತ್ತು ಇರುವವರಿಗೆ ಮಾತ್ರ.

2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಕಡಲಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ. ಹಾಗಿದ್ದರೂ ಜೆಟ್ಟಿಯ ಬಾಗಿಲಲ್ಲಿ ನಿಂತು ಟಿಕೆಟ್ ಡೌನ್‌ಲೋಡ್ ಮಾಡುವ ಧೈರ್ಯ ಬೇಡ: ಟಿಕೆಟ್, ಅನುಮತಿ ಪತ್ರ, ಗುರುತಿನ ಚೀಟಿಗಳ ಮುದ್ರಿತ ಪ್ರತಿ ಮತ್ತು ಸಾಕಷ್ಟು ನಗದು ಜೊತೆಗಿರಲಿ. ಹೊರಡುವ ಮುನ್ನ ಮಕ್ಕಳ ಚೀಲಗಳನ್ನೂ ಒಮ್ಮೆ ತೆರೆದು ನೋಡಿ. ದಡದಲ್ಲಿ ಹೆಕ್ಕಿದ ಹವಳದ ತುಂಡುಗಳನ್ನೂ ಸಂರಕ್ಷಿತ ಜಾತಿಯ ಚಿಪ್ಪುಗಳನ್ನೂ ದ್ವೀಪದಿಂದ ಹೊರಗೆ ಒಯ್ಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವನ್ನು ಹುಡುಕಿ ತೆಗೆಯುತ್ತಾರೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ವಸ್ತುಗಳಿಗೆ ಪರವಾನಗಿ ಇರುವ ಅಂಗಡಿಯ ರಸೀದಿಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು.